ಒಬ್ಬಳೇ ಉಳಿದ ನಾಲ್ಕನೇ ವರ್ಷ

ಪ್ರೀತಿ ಬಿ.ಎ.ಗೆ ಸೇರಿದ ವರ್ಷವೇ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಕಾರವಾರದ ಅವಳ ಕಾಲೇಜಿಗೂ ಬಂದಿತ್ತು. ಮೂರು ವರ್ಷ ಓದಿದರೆ ಪದವಿ, ಇನ್ನೊಂದು ವರ್ಷ ಓದಿದರೆ ಆನರ್ಸ್, ಆನರ್ಸ್ ಆದವರಿಗೆ ಎಂ.ಎ. ಒಂದೇ ವರ್ಷ ಎಂದು ಮೊದಲ ದಿನ ಎಲ್ಲರನ್ನೂ ಕೂರಿಸಿ ಹೇಳಿದ್ದರು. ಬಡವರ ಮನೆಯ ಮಕ್ಕಳಿಗೆ ಇದರಿಂದ ಬಹಳ ಅನುಕೂಲ ಎಂದೂ ಹೇಳಿದ್ದರು. ಪ್ರೀತಿ ಅದನ್ನು ನಂಬಿದಳು. ಅವಳ ಅಪ್ಪ ಜಟ್ಟಪ್ಪ ದೋಣಿಯ ಮೇಲೆ ಮೀನು ಹಿಡಿಯಲು ಹೋಗುತ್ತಿದ್ದವನು, ಅವಳು ಏಳನೇ ತರಗತಿಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಿದ್ದ. ತಾಯಿ ಹೀರಾ, ಮಕ್ಕಳ ಬಾಯಲ್ಲಿ ಆಯಿ, ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ ಇಬ್ಬರು ಮಕ್ಕಳನ್ನು ಸಾಕಿದ್ದಳು. ಅಣ್ಣ ಕಿಶನ ಮಲ್ಪೆಯ ಬೋಟಿಗೆ ಹೋಗಿ, ಅಲ್ಲೇ ಮದುವೆಯಾಗಿ ನಿಂತಿದ್ದ.

ಮೂರು ವರ್ಷ ಮುಗಿಯುವ ಹೊತ್ತಿಗೆ ಎಲ್ಲ ಬದಲಾಯಿತು. ಹೊಸದಾಗಿ ಸೇರುವವರಿಗೆ ಹಳೆಯ ಮೂರು ವರ್ಷದ ಪದ್ಧತಿಯೇ ಎಂದು ರಾಜ್ಯದಲ್ಲಿ ಆದೇಶವಾಯಿತು. ಮೊದಲೇ ಸೇರಿದವರು ಬೇಕಿದ್ದರೆ ನಾಲ್ಕನೇ ವರ್ಷ ಓದಬಹುದಿತ್ತು. ಹಾಗೆ ಬೇಕು ಅಂದವಳು ಇಡೀ ಅರ್ಥಶಾಸ್ತ್ರ ವಿಭಾಗದಲ್ಲಿ ಪ್ರೀತಿ ಒಬ್ಬಳೇ. ಒಂದನೇ ತರಗತಿಯಿಂದ ಅವಳ ಪಕ್ಕದಲ್ಲೇ ಕೂತಿದ್ದ, ಕೋಡಿಬಾಗದ ಮೀನುಗಾರರ ಕೇರಿಯಲ್ಲಿ ಅವಳ ಮನೆಗೆ ತಾಗಿಯೇ ಇದ್ದ ನೀತಾ ಕೂಡ ಮೂರಕ್ಕೇ ಬಿಟ್ಟಳು. ಗೋವಾದ ಒಂದು ಔಷಧಿ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿ, ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರತೊಡಗಿದಳು.

ಮೇಲಿನ ಮಹಡಿಯ ಮೂಲೆಯ ಕೋಣೆಯನ್ನು ಪ್ರೀತಿಗೆ ಕೊಟ್ಟರು. ಕಲಿಸಲು ಬರುತ್ತಿದ್ದವರು ಮಾದೇವ ಸರ್. ಅಂಕೋಲೆಯ ಕಡೆಯ ಬೇಸಾಯದ ಮನೆಯವರು, ಕಾಲೇಜಿನಲ್ಲಿ ಹಲವು ವರ್ಷದಿಂದ ಅತಿಥಿ ಉಪನ್ಯಾಸಕರು. ಬಿಣಗಾ ಘಟ್ಟ ದಾಟಿ ಬರುವ ಬಸ್ಸು ಇಳಿದು ನೇರ ಕ್ಲಾಸಿಗೆ ಬರುತ್ತಿದ್ದರು. ಮೊದಮೊದಲು ಅವರು ಬೋರ್ಡಿನ ಹತ್ತಿರ ನಿಂತು, ತುಂಬಿದ ಕ್ಲಾಸಿಗೆ ಹೇಳುವ ಹಾಗೆ ಗಟ್ಟಿಯಾಗಿಯೇ ಪಾಠ ಮಾಡಿದರು. ಖಾಲಿ ಬೆಂಚುಗಳ ಮೇಲೆ ಅವರ ದನಿ ದೊಡ್ಡದಾಗಿ ಕೇಳುತ್ತಿತ್ತು. ಕೆಲವು ವಾರ ಕಳೆದ ಮೇಲೆ ಅವರೇ ನಾಚಿಕೊಂಡು ಎದುರಿನ ಬೆಂಚಿನಲ್ಲಿ ಕೂತರು.

ಒಬ್ಬಳೇ ಇರುವ ಕ್ಲಾಸಿನಲ್ಲಿ ಆಕಳಿಸಲಿಕ್ಕೂ ಆಗುವುದಿಲ್ಲ ಎಂಬುದು ಪ್ರೀತಿಗೆ ಬೇಗ ತಿಳಿಯಿತು. ಅರ್ಥವಾಗದ್ದನ್ನು ಪಿಸುಮಾತಿನಲ್ಲಿ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಸರ್ ಹೇಳಿದ ತಮಾಷೆಗೆ ನಗಬೇಕಾದವಳೂ ಅವಳೇ. ಮಧ್ಯಾಹ್ನ ಕ್ಯಾಂಟೀನಿಗೆ ಹೋದರೆ ಮೊದಲ ವರ್ಷದ ಹುಡುಗಿಯರು ಅವಳನ್ನು ಹೊಸ ಉಪನ್ಯಾಸಕಿ ಎಂದುಕೊಂಡು, "ಇಲ್ಲಿ ಕೂತ್ಕೊಳ್ಳಿ ಮೇಡಂ" ಎಂದು ಎದ್ದು ಜಾಗ ಬಿಟ್ಟುಕೊಟ್ಟರು. ಅಂದಿನಿಂದ ಅವಳು ಊಟದ ಡಬ್ಬಿಯನ್ನು ಮೇಲಿನ ಕೋಣೆಯಲ್ಲೇ ಬಿಚ್ಚತೊಡಗಿದಳು.

ನಾಲ್ಕನೇ ವರ್ಷಕ್ಕೆ ಒಂದು ಸಂಶೋಧನೆ ಮಾಡಬೇಕಿತ್ತು. ಮೀನುಗಾರರ ಮನೆಗಳಲ್ಲಿ ಹೆಣ್ಣುಮಕ್ಕಳು ಓದಿದ್ದರಿಂದ ಬಡತನ ಕಡಿಮೆಯಾಗಿದೆಯೇ ಎಂಬ ವಿಷಯವನ್ನು ಪ್ರೀತಿಯೇ ಆರಿಸಿಕೊಂಡಳು. ತನ್ನದೇ ಕೇರಿ, ತನ್ನದೇ ಜನ, ಸುಲಭವಾದೀತು ಎಂದುಕೊಂಡಿದ್ದಳು. ಆದರೆ ಪ್ರಶ್ನೆಗಳ ಹಾಳೆ ಹಿಡಿದು ಬಾಗಿಲಲ್ಲಿ ನಿಂತ ಕೂಡಲೆ ಜನ ಬೇರೆಯಾದರು. ಬಲೆ ಸರಿಮಾಡುತ್ತ ಕೂತಿದ್ದವರು ಮಾತು ನಿಲ್ಲಿಸಿದರು. ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದ ಹೆಂಗಸರು ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ, ಎದುರಿಗೆ ನೆಲದ ಮೇಲೆ ಕೂತರು.

"ಕುರ್ಚಿ ಎಂತಕ್ಕೆ, ಮಾದೇವಿ ಮಾವಶಿ? ನಾನೂ ಕೆಳಗೇ ಕೂರ್ತೆ," ಎಂದಳು ಪ್ರೀತಿ.

"ಇರ್ಲಿ ಇರ್ಲಿ. ಬರ್ಯೂದಕ್ಕೆ ಕುರ್ಚಿಯೇ ಬೇಕು," ಎಂದಳು ಆಯಿಯ ಜೊತೆ ಮೀನು ಮಾರುವ ಮಾದೇವಿ. ಎಲ್ಲದಕ್ಕೂ ಉತ್ತರ ಕೊಟ್ಟ ಮೇಲೆ ದನಿ ತಗ್ಗಿಸಿ ಕೇಳಿದಳು, "ಇದು ಬರಕೊಂಡು ಹೋದ ಮೇಲೆ ಸರ್ಕಾರದ ಮನೆ ಮಂಜೂರಾಗ್ತದನಾ?"

ಭಾನುವಾರ ನೀತಾ ಸಿಕ್ಕಳು. ಅವಳ ಮನೆಗೆ ಹೊಸ ಟೈಲ್ಸ್ ಬಂದಿತ್ತು, ಮೂಲೆಯಲ್ಲಿ ಫ್ರಿಜ್ ನಿಂತಿತ್ತು. ಪ್ರೀತಿ ಹಾಳೆ ತೆಗೆದಾಗ ನೀತಾ ನಕ್ಕಳು.

"ನನ್ನ ಯಾವ ಕಡೆ ಹಾಕ್ತೆ ಗೋ? ಬಡವರ ಕಡೆಯಾ, ಈಚೆ ಕಡೆಯಾ?"

"ಹಂಗೆಲ್ಲ ಹಾಕೂದಲ್ಲ, ನೀತಾ."

"ಮತ್ತೆ ಹೆಂಗೆ? ದಿನಾ ನಿಂತು ನಿಂತು ಕಾಲು ಬಾತದೆ. ಆದ್ರೂ ಅಪ್ಪನ ಔಷಧಿಗೆ ಯಾರ ಹತ್ರಾನೂ ಕೈ ಚಾಚೂದಿಲ್ಲ. ನೀ ಬತ್ತೆ ಅಂದ್ರೆ ಹೇಳು, ಸೂಪರ್‌ವೈಸರ್ ಹತ್ರ ಮಾತಾಡ್ತೆ."

ಪ್ರೀತಿ ಹಾಳೆಯ ಮುಂದಿನ ಪ್ರಶ್ನೆಗೆ ಹೋದಳು. ಜನವರಿಯಲ್ಲಿ ನೀತಾಳ ಆ ಮಾತೇ ಬೇಕಾಯಿತು. ಮಾರ್ಕೆಟ್ಟಿನ ಒದ್ದೆ ಮೆಟ್ಟಿಲ ಮೇಲೆ ಹೀರಾ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ಮೀನಿನ ಬುಟ್ಟಿ ಎತ್ತುವ ಹಾಗಿರಲಿಲ್ಲ. ಕಿಶನ ಬಂದು ನೋಡಿ ಹೋದ, ಕೈಲಾದಷ್ಟು ಕಳಿಸುತ್ತೇನೆಂದ. ಅವನಿಗೂ ಆಗಷ್ಟೇ ಮಗುವಾಗಿತ್ತು. ಮುಂದಿನ ಸೋಮವಾರ ಪ್ರೀತಿ ಕಾಲೇಜಿಗೆ ಹೋಗದೆ ನೀತಾಳ ಜೊತೆ ಸ್ಟೇಷನ್ನಿಗೆ ಹೋದಳು. ಮಾದೇವ ಸರ್‌ಗೆ ತಿಳಿಸಬೇಕೆಂದು ಫೋನ್ ಕೈಗೆತ್ತಿಕೊಂಡವಳು ಹಾಗೇ ಇಟ್ಟುಬಿಟ್ಟಳು.

ಕಂಪನಿಯಲ್ಲಿ ಟೋಪಿ, ಮಾಸ್ಕು, ಸಾಲಾಗಿ ಬರುವ ಪೆಟ್ಟಿಗೆಗಳು. ಯಾರ ಮುಖವೂ ಕಾಣುತ್ತಿರಲಿಲ್ಲ. ಆದರೆ ರೈಲಿನಲ್ಲಿ ಹಾಗಲ್ಲ. ಒಂದೇ ಬೋಗಿಯಲ್ಲಿ ಕಾರವಾರದ ಹುಡುಗಿಯರೆಲ್ಲ ಒತ್ತಿ ಕೂತು, ಒಬ್ಬರ ಪಾವಿಗೆ ಇನ್ನೊಬ್ಬರ ಭಾಜಿ ಹಚ್ಚಿಕೊಂಡು ತಿನ್ನುತ್ತ, ಕಂಪನಿಯವರನ್ನೆಲ್ಲ ಅಣಕಿಸುತ್ತ ಹೋಗುತ್ತಿದ್ದರು. ಯಾರೂ ಪ್ರೀತಿಯನ್ನು ಮೇಡಂ ಅನ್ನಲಿಲ್ಲ. ಒಂದು ಸಂಜೆ ಕಾಳಿ ನದಿಯ ಮೇಲೆ ರೈಲು ಬರುವಾಗ, ತನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದ ನೀತಾಳ ಭಾರ ಅವಳಿಗೆ ಹಿತವೆನಿಸಿತು. ಹೀಗೆ ಯಾರಾದರೂ ತನಗೆ ತಾಗಿ ಕೂತು ಎಷ್ಟು ಕಾಲವಾಗಿತ್ತು ಎಂದು ಯೋಚಿಸಿದಳು. ಓದಿನ ನೆನಪು ಬಂದರೂ ಅದು ಮೊದಲಿನಷ್ಟು ಚುಚ್ಚಲಿಲ್ಲ.

ಅತ್ತ ಮಾದೇವ ಸರ್ ದಿನವೂ ಬಂದು ಮೂಲೆಯ ಕೋಣೆಯಲ್ಲಿ ಕೂತು ಹೋಗುತ್ತಿದ್ದರು. ಕೊನೆಗೆ ಒಂದು ಭಾನುವಾರ ವಿಳಾಸ ಕೇಳಿಕೊಂಡು ಕೋಡಿಬಾಗಕ್ಕೇ ಬಂದರು. ಹೀರಾ ಜಗಲಿಯ ಮೇಲೆ ಕೂತಿದ್ದಳು. ಪ್ರೀತಿ ಚಹಾ ಮಾಡಲು ಒಳಗೆ ಹೋದಳು. ಒಳಗಿದ್ದರೂ ಮಾತೆಲ್ಲ ಕೇಳುತ್ತಿತ್ತು.

"ಕೈ ಹೆಂಗದೆ, ಅಕ್ಕ?"

"ಅದೆ ಹೀಂಗೆ. ಇನ್ನೂ ಬಿಚ್ಚೂಕೆ ಹೇಳಲಿಲ್ಲ ಡಾಕ್ಟರು."

ಸರ್ ಹೇಳಿದರು, "ಪ್ರೀತಿಯನ್ನು ಕಾಲೇಜಿಗೆ ಕಳಿಸಿ ಅಂತ ಕೇಳೂಕೆ ಬಂದೆ. ಆದ್ರೆ ಅದಕ್ಕೂ ಮೊದಲು ಒಂದು ಮಾತು ಹೇಳ್ಬೇಕು. ನಾನು ಖಾಯಂ ನೌಕರ ಅಲ್ಲ. ಎಷ್ಟು ತಾಸು ಪಾಠ ಅದೆಯೋ ಅಷ್ಟೇ ನನ್ನ ಕೆಲಸ. ಈ ವರ್ಷ ನನಗಿರುವ ತಾಸಲ್ಲಿ ಹೆಚ್ಚಿನದು ಇವಳ ಕ್ಲಾಸಿನದೇ. ಇವಳು ಬಿಟ್ಟರೆ ನಂದೂ ಹೋಗ್ತದೆ. ಅದಕ್ಕೆ ನಾನು ಹೇಳೂದೆಲ್ಲ ಇವಳ ಒಳ್ಳೇದಕ್ಕೇ ಅಂತ ತಿಳೀಬೇಡಿ."

"ಮಾಸ್ತರ್ರಾ, ನಿಮ್ಮನೇಲಿ ಯಾರ್ಯಾರಿದ್ದಾರೆ?"

"ತಾಯಿ, ಹೆಂಡ್ತಿ. ಒಬ್ಬಳು ಮಗಳು, ದೀಕ್ಷಾ ಅಂತ. ಮೂರನೇ ಕ್ಲಾಸು."

"ಗದ್ದೆ ಅದೆಯಾ?"

"ಅಣ್ಣ ಮಾಸ್ತಿ ನೋಡ್ಕೊಳ್ತಾನೆ. ಅದು ಅವರ ಊಟಕ್ಕೇ ಸರಿ."

ಹೀರಾ ತನ್ನ ಪ್ಲಾಸ್ಟರಿನ ಅಂಚನ್ನು ಎಡಗೈಯಿಂದ ಒತ್ತಿ ಒತ್ತಿ ನೋಡಿದಳು. "ಇನ್ನೆಷ್ಟು ತಿಂಗಳು ಉಳ್ದದೆ ಕ್ಲಾಸು?"

"ಮೇ ತಿಂಗಳ ತನಕ."

"ಕಳಿಸ್ತೆ," ಎಂದಳು ಹೀರಾ. "ನಂದು ಹೆಂಗೋ ಆಗ್ತದೆ. ನಿಮ್ಮ ಮನೆ ನಡೀಬೇಕಲ್ಲ."

ಪ್ರೀತಿ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು. ಆನರ್ಸ್ ಎಂದರೇನು, ಎಂ.ಎ. ಆದರೆ ಏನು ಕೆಲಸ ಸಿಗುತ್ತದೆ, ಆಗ ಆಯಿ ಮಾರ್ಕೆಟ್ಟಿಗೆ ಹೋಗಬೇಕಾಗಿಲ್ಲ ಎಂದೆಲ್ಲ ಅವಳು ಎಷ್ಟು ಸಲ ಬಿಡಿಸಿ ಹೇಳಿದ್ದಳು. ಪ್ರತಿಸಲವೂ ಆಯಿ ಹೂಂಗುಟ್ಟಿ ಒಲೆಯ ಕಡೆ ತಿರುಗಿದ್ದಳು. ಇವತ್ತು, ಹಿಂದೆಂದೂ ಕಾಣದ ಒಂದು ಮನೆಯ ಹೆಂಗಸಿಗಾಗಿ, ಮಗುವಿಗಾಗಿ, ಒಂದು ಮಾತಿಗೆ ಒಪ್ಪಿದ್ದಳು.

ಸರ್ ಹೋದ ಮೇಲೆ ಪ್ರೀತಿ ಕೇಳಿಯೇಬಿಟ್ಟಳು. "ನನಗೋಸ್ಕರ ಕಳಿಸ್ತೆ ಅಂತ ಒಂದು ಸಲಾನೂ ಅನ್ನಲಿಲ್ಲ ನೀನು."

ಹೀರಾಗೆ ಮಗಳ ಸಿಟ್ಟು ಅರ್ಥವಾಗಲಿಲ್ಲ. "ನಿನ್ನ ಓದು ನಂಗೆ ತಿಳೂದಿಲ್ಲ, ಮಗಾ. ಅದರಿಂದ ಎಂತ ಬತ್ತದೆ, ಯಾವಾಗ ಬತ್ತದೆ, ನಾ ಹೆಂಗೆ ಹೇಳ್ಲಿ? ಕೆಲಸ ಹೋಗೂದು ಅಂದ್ರೆ ಎಂತದು ಅಂತ ಮಾತ್ರ ಗೊತ್ತದೆ."

ಮರುದಿನ ಪ್ರೀತಿ ಕಾಲೇಜಿಗೆ ಹೋದಳು. ಹೀರಾ ಒಂದೇ ಕೈಯಲ್ಲಿ ಮಾರ್ಕೆಟ್ಟಿಗೆ ಹೋದಳು. ಮಾದೇವಿ ತನ್ನ ಬುಟ್ಟಿಯ ಜೊತೆ ಅವಳದನ್ನೂ ರಿಕ್ಷಾದಿಂದ ಇಳಿಸಿ ಕೊಡುತ್ತಿದ್ದಳು. ನೀತಾ ಎರಡು ದಿನ ಸ್ಟೇಷನ್ನಿನಲ್ಲಿ ಕಾದು, ವಿಷಯ ತಿಳಿದ ಮೇಲೆ ಒಬ್ಬಳೇ ರೈಲು ಹತ್ತತೊಡಗಿದಳು. ತಾನೇ ಮಾತಾಡಿ ಕೊಡಿಸಿದ ಕೆಲಸವನ್ನು ಪ್ರೀತಿ ತನಗೂ ಹೇಳದೆ ಬಿಟ್ಟಿದ್ದಕ್ಕೆ ಅವಳಿಗೆ ಬೇಜಾರು. ಎದುರಿಗೆ ಸಿಕ್ಕರೆ "ಹೋಗ್ತ್ಯಾ ಕಾಲೇಜಿಗೆ?" ಎಂದಷ್ಟೇ ಕೇಳಿ ಮುಂದೆ ಹೋಗುತ್ತಿದ್ದಳು.

ಮೂಲೆಯ ಕೋಣೆಯಲ್ಲೂ ಮೊದಲಿನ ಹಾಗಿರಲಿಲ್ಲ. ಯಾರಿಂದ ಯಾರು ಅಲ್ಲಿ ಕೂತಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸರ್ ತಮಾಷೆ ಬಿಟ್ಟರು, ಬಹಳ ತಯಾರಿ ಮಾಡಿಕೊಂಡು ಬಂದು, ಬೆಲ್ ಆಗುವ ತನಕ ಬಿಡದೆ ಕಲಿಸಿದರು. ತಲೆನೋವಿದ್ದರೂ ಪ್ರೀತಿ ರಜೆ ಹಾಕಲಿಲ್ಲ. ಅವಳ ಸಂಶೋಧನೆಯ ಕೊನೆಯ ಅಧ್ಯಾಯ ಓದುವಾಗ ಅವರು ಒಂದು ಕಡೆ ನಿಂತರು. ಹೆಣ್ಣುಮಕ್ಕಳು ಓದಿದ ಮನೆಗಳಲ್ಲಿ ಬಡತನ ಕಡಿಮೆಯಾಗಿದೆ, ಆದರೆ ಆ ಮನೆಗಳಲ್ಲಿ ನಾನು ಹೋದಾಗ ಓದಿದವರು ಒಬ್ಬಳನ್ನು ಬಿಟ್ಟರೆ ಯಾರೂ ಸಿಗಲಿಲ್ಲ, ಎಲ್ಲ ದುಡಿಯಲು ಹೊರಗೆ ಹೋಗಿದ್ದರು, ಅವರ ಉತ್ತರಗಳನ್ನು ಮನೆಯವರೇ ಹೇಳಿದರು ಎಂದು ಅವಳು ಬರೆದಿದ್ದಳು.

"ಇದನ್ನ ಇಡಬೇಕಾ, ಸರ್?"

"ನೀ ನೋಡಿದ್ದೇ ಅಲ್ದಾ?"

"ಹೌದು."

"ಹಂಗಾದ್ರೆ ಇರ್ಲಿ," ಎಂದು ಅವರು ಪುಟ ತಿರುವಿದರು.

ಪರೀಕ್ಷೆಗೆ ದೊಡ್ಡ ಹಾಲಿನಲ್ಲಿ ಅವಳಿಗೆ ಒಂದು ಮೇಜು ಹಾಕಿದ್ದರು. ಪ್ರಶ್ನೆಪತ್ರಿಕೆಯ ಸೀಲು ಒಡೆಯುವ ಮೊದಲು ಸಾಕ್ಷಿಗೆ ಅವಳ ಸಹಿಯನ್ನೇ ತೆಗೆದುಕೊಂಡರು. ಮೂರು ತಾಸು ಮೇಲ್ವಿಚಾರಕಿ ಅವಳನ್ನು ನೋಡುತ್ತ ಕೂತಿದ್ದರು. ಬರೆದು ಹೊರಗೆ ಬಂದಾಗ ಹೇಗಿತ್ತು ಎಂದು ಕೇಳಲು, ಒಂದೊಂದೇ ಉತ್ತರ ತಾಳೆ ನೋಡಲು ಯಾರೂ ಇರಲಿಲ್ಲ.

ಒಳ್ಳೆಯ ಅಂಕ ಬಂದವು. ಗೋವಾದ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎ.ಗೆ ಸೀಟು ಸಿಕ್ಕಿತು, ಹಾಸ್ಟೆಲ್ ಸಿಕ್ಕಿತು, ವಿದ್ಯಾರ್ಥಿವೇತನವೂ ಆಗುವುದೆಂದರು. ನಾಲ್ಕನೇ ವರ್ಷ ಓದಿರದಿದ್ದರೆ ಅದು ಆಗುತ್ತಿರಲಿಲ್ಲ. ಸರ್‌ಗೆ ಹೇಳಲು ಪ್ರೀತಿ ಕಾಲೇಜಿಗೆ ಹೋದಳು. ನಾಲ್ಕನೇ ವರ್ಷಕ್ಕೆ ಈ ಸಲ ಯಾರೂ ಇಲ್ಲ, ಹಾಗಾಗಿ ಮಾದೇವ ಸರ್‌ಗೆ ಪಾಠವೂ ಇಲ್ಲ ಎಂದು ಆಫೀಸಿನಲ್ಲಿ ಹೇಳಿದರು.

ಮಳೆ ಹನಿಯುತ್ತಿದ್ದ ಮಧ್ಯಾಹ್ನ ಅವಳು ಅಂಕೋಲೆಯ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಪರಿಚಯದವರ ಗೊಬ್ಬರದ ಅಂಗಡಿಯಲ್ಲಿ ಸರ್ ಕೂತಿದ್ದರು. ಪ್ಯಾಂಟಿನ ಮಡಿಕೆಯಲ್ಲಿ ಯೂರಿಯಾದ ಬಿಳಿ ಪುಡಿ ಅಂಟಿತ್ತು.

"ಸದ್ಯಕ್ಕೆ ಇಲ್ಲಿ," ಎಂದರು. "ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ನೂ ಹೇಳ್ತೆ. ಬೇರೆ ಕಾಲೇಜಿಗೂ ಅರ್ಜಿ ಹಾಕಿದ್ದೇನೆ."

ಸೀಟಿನ ವಿಷಯ ಕೇಳಿ ಅವರ ಮುಖ ಅರಳಿತು. ಅಂಗಡಿಯವರನ್ನು ಕರೆದು, "ಇವಳು ನನ್ನ ವಿದ್ಯಾರ್ಥಿನಿ," ಎಂದು ಪರಿಚಯ ಮಾಡಿಸಿದರು. ಅಷ್ಟರಲ್ಲಿ ಗಿರಾಕಿ ಬಂದ. ಸರ್ ಚೀಲ ತೂಗಲು ಎದ್ದರು. ಅವರು ಎತ್ತುವುದನ್ನು ನೋಡುತ್ತ ನಿಲ್ಲುವುದು ಸರಿಯಲ್ಲ ಎನಿಸಿ ಪ್ರೀತಿ ಹೇಳಿ ಹೊರಟಳು.

ಮನೆಯಲ್ಲಿ ಹೀರಾ ಮೊದಲು ಕೇಳಿದ್ದೇ ಅದು. "ಮಾಸ್ತರು ಹೆಂಗಿದ್ದಾರೆ?"

"ಚಲೋ ಇದ್ದಾರೆ, ಆಯಿ."

"ಹೌದಾ? ಸಾಕು."

ಆಗಸ್ಟಿನಲ್ಲಿ ಪ್ರೀತಿ ಹಾಸ್ಟೆಲ್ ಸೇರಿದಳು. ಕ್ಲಾಸಿನಲ್ಲಿ ಬೆಂಚು ತುಂಬ ಜನ, ಕೋಣೆಯಲ್ಲಿ ಇನ್ನಿಬ್ಬರು ಹುಡುಗಿಯರು. ಅವರ ಕೊಂಕಣಿ ಇವಳ ಕಾರವಾರದ ಕೊಂಕಣಿಯಂತಿರಲಿಲ್ಲ. ಇವಳು ಮಾತಾಡಿದರೆ ಒಂದು ಗಳಿಗೆ ತಡೆದು ನಗುತ್ತಿದ್ದರು. ಹಾಗಾಗಿ ಅವಳು ಕಡಿಮೆ ಮಾತಾಡಿದಳು. ಮೊದಲ ತಿಂಗಳ ವಿದ್ಯಾರ್ಥಿವೇತನ ಬಂದಾಗ ಅದನ್ನು ಆಯಿಗೆ ಕಳಿಸಿದಳು. ಭಾನುವಾರ ಆಯಿ ಫೋನ್ ಮಾಡಿ, ಮಳೆಗಾಲದ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದದ್ದನ್ನು, ಬಂಗಡೆ ಚೆನ್ನಾಗಿ ಬರುತ್ತಿರುವುದನ್ನು, ನೀತಾಳ ಮದುವೆಯ ಮಾತು ನಡೆದಿರುವುದನ್ನು ಹೇಳಿದಳು. ನೀತಾ ಅದನ್ನು ಪ್ರೀತಿಗೆ ಹೇಳಿರಲಿಲ್ಲ.

"ಅಲ್ಲಿ ಜನ ಇದ್ದಾರಲ್ಲ ಈಗ, ಮಾತಿಗೆ?" ಎಂದು ಹೀರಾ ಕೇಳಿದಳು.

"ಬೇಕಾದಷ್ಟು ಇದ್ದಾರೆ."

ಫೋನಿಟ್ಟು ಅವಳು ಕಿಟಕಿಯ ಹತ್ತಿರ ಕೂತಳು. ಕೋಣೆಯ ಹುಡುಗಿಯರು ಅವಳನ್ನು ಬಿಟ್ಟು ಪೇಟೆಗೆ ಹೋಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಒಗೆಯಬೇಕಾದ ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿಕೊಂಡು ಕೆಳಗೆ ಹೋದಳು.