ದಪ್ಪ ಫೈಲು

ನಾನು ಒಂದು ಆಸ್ಪತ್ರೆಯ ಫೈಲು. ಹಳದಿ ರಟ್ಟು, ಎರಡು ತೂತು, ಒಂದು ಬಿಳಿ ಲಾಡಿ. ಹುಟ್ಟಿದ ದಿನ ನನ್ನ ಹೊಟ್ಟೆಯಲ್ಲಿದ್ದದ್ದು ಒಂದೇ ಹಾಳೆ: ಸೃಷ್ಟಿ, ನಾಲ್ಕು ವರ್ಷ, ಫಿಟ್ಸ್. ರೆಕಾರ್ಡ್ ಕೋಣೆಯ ದಾಕ್ಷಾಯಣಿ ನನ್ನ ರಟ್ಟಿನ ಮೇಲೆ ಕಾಯಿಲೆಯ ಕೋಡ್ ಬರೆದಳು. ಸಾಧಾರಣ ಮೂರ್ಛೆರೋಗಕ್ಕೆ ಹಾಕುವ ಕೋಡ್ ಅದು. ಆ ದಿನ ಅದು ಸರಿಯೇ ಇತ್ತು.

ಮೊದಲ ಮಾತ್ರೆ ಸೋತಿತು. ಎರಡನೆಯದೂ ಮೂರನೆಯದೂ ಸೋತವು. ಸೃಷ್ಟಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಮುರಿದುಕೊಂಡಳು. ಅವಳ ತಾಯಿ ನೀಲವ್ವನಿಗೆ ಬರೆಯಲು ಬಾರದು. ಫಿಟ್ಸ್ ಬಂದ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಕಾಡಿಗೆಯ ಬೊಟ್ಟಿಟ್ಟು, ತಿಂಗಳ ಹಾಳೆ ಹರಿದು ತರುತ್ತಿದ್ದಳು. ಡಾಕ್ಟರು ಅದನ್ನೂ ನನಗೆ ಪೋಣಿಸಿ, ಒಳಗೆ ಬರೆಯುತ್ತಿದ್ದರು: ‘ಔಷಧಕ್ಕೆ ಬಗ್ಗುತ್ತಿಲ್ಲ.’

ಆದರೆ ರೆಕಾರ್ಡ್ ಕೋಣೆಗೆ ಒಂದು ರೂಢಿಯಿತ್ತು. ಹಳೆಯ ರೋಗಿ ಮತ್ತೆ ಬಂದರೆ ರಟ್ಟಿನ ಮೇಲಿನ ಕೋಡನ್ನೇ ಕಂಪ್ಯೂಟರಿಗೆ ಇಳಿಸುವುದು. ದಿನಕ್ಕೆ ಇನ್ನೂರು ಫೈಲು. ಒಳಗೆ ಇಣುಕಲು ಯಾರಿಗೆ ಪುರಸೊತ್ತು?

ಆರನೆಯ ವರ್ಷ ತಬಸ್ಸುಮ್ ಎಂಬ ಮಕ್ಕಳ ನರರೋಗದ ಡಾಕ್ಟರು ಬಂದರು. ಔಷಧಕ್ಕೆ ಬಗ್ಗದ ಮಕ್ಕಳನ್ನು ಕರೆಸಿ, ಶಸ್ತ್ರಚಿಕಿತ್ಸೆ ಆದೀತೇ ಎಂದು ನೋಡುವುದಿತ್ತು. ಔಷಧಕ್ಕೆ ಬಗ್ಗದ ಮೂರ್ಛೆಗೆ ಬೇರೆಯೇ ಕೋಡ್ ಉಂಟು. ಕಂಪ್ಯೂಟರ್ ಆ ಕೋಡಿನವರ ಪಟ್ಟಿ ಕೊಟ್ಟಿತು, ಮೂವತ್ತೊಂದು ಫೈಲು ಕೆಳಗಿಳಿದವು. ನಾನು ಕಪಾಟಿನಲ್ಲೇ ಉಳಿದೆ. ಫೈಲಿಗೆ ಬಾಯಿಲ್ಲ.

ಮುಂದಿನ ಸಲ ನೀಲವ್ವ ಬಂದಾಗ ದಾಕ್ಷಾಯಣಿ ನನ್ನನ್ನು ಎಳೆದಳು. ಲಾಡಿ ಹರಿದು ಹಾಳೆಗಳು ನೆಲಕ್ಕೆ ಬಿದ್ದವು.

“ಯವ್ವಾ, ಇದೇನ ಫೈಲೋ, ಜ್ವಾಳದ ಚೀಲೋ!”

“ನನ್ನ ಮಗಳ ಆರು ವರ್ಷ ಐತ್ರಿ ಅಕ್ಕಾರ ಅದು. ಜ್ವಾಕಿ.”

ದಾಕ್ಷಾಯಣಿಯ ನಗು ನಿಂತಿತು. ನೆಲದ ಮೇಲೆಯೇ ಕುಳಿತು ತಿಂಗಳುಗಳನ್ನು ಜೋಡಿಸಿದಳು. ಬೊಟ್ಟಿಲ್ಲದ ಹಾಳೆಯೇ ಇರಲಿಲ್ಲ. ರಟ್ಟು ತಿರುಗಿಸಿ ಕೋಡ್ ನೋಡಿದಳು.

“ಸಾದಾ ಫಿಟ್ಸಿನ ಫೈಲು ಇಷ್ಟ್ಯಾಕ ದಪ್ಪ ಆಕ್ಕತಿ?”

ಹರಿದ ಲಾಡಿಯ ಬದಲು ತನ್ನ ಊಟದ ಡಬ್ಬಿಯ ಬಟ್ಟೆಯಂಚು ಹರಿದು ನನ್ನನ್ನು ಕಟ್ಟಿ, ತಬಸ್ಸುಮ್ ಡಾಕ್ಟರ ಮೇಜಿನ ಮೇಲಿಟ್ಟಳು.

“ಮೇಡಂ, ನಿಮ್ಮ ಪಟ್ಟಿ ನಂಬಬ್ಯಾಡ್ರಿ. ತಪ್ಪು ನಂದ.”

ಡಾಕ್ಟರು ಬೈಯಲಿಲ್ಲ, ಕುರ್ಚಿ ಎಳೆದುಕೊಟ್ಟರು. ವಾರವಿಡೀ ಇಬ್ಬರೂ ಮಕ್ಕಳ ಮೂರ್ಛೆಯ ಫೈಲುಗಳನ್ನೆಲ್ಲ ಒಳಗಿನಿಂದ ಓದಿದರು. ಪಟ್ಟಿಯಲ್ಲಿದ್ದ ಒಂಬತ್ತು ಮಕ್ಕಳು ಮಾತ್ರೆ ತಪ್ಪಿಸಿದ್ದಕ್ಕೆ ಫಿಟ್ಸ್ ಬಂದು ಬಿದ್ದವರಷ್ಟೆ. ಪಟ್ಟಿಯ ಹೊರಗೆ ಸೃಷ್ಟಿಯಂಥವರು ಹದಿನಾಲ್ಕು.

ಸೃಷ್ಟಿಯ ಶಸ್ತ್ರಚಿಕಿತ್ಸೆ ಆಯಿತು. ಮರುವರ್ಷ ನೀಲವ್ವ ಒಂದು ಕ್ಯಾಲೆಂಡರ್ ಹಾಳೆ ತಂದಳು. ಒಂದೂ ಬೊಟ್ಟಿರಲಿಲ್ಲ.

“ಖಾಲಿ ಹಾಳಿ ಹಚ್ಚೂದು ರೂಲ್ಸಿನಾಗ ಇಲ್ಲವ್ವಾ,” ಎನ್ನುತ್ತಲೇ ದಾಕ್ಷಾಯಣಿ ಅದನ್ನು ಪೋಣಿಸಿದಳು.

ಅದೇ ನನ್ನ ಕೊನೆಯ ಹಾಳೆ. ಈಗ ನಾನು ಹಳೆಯ ದಾಖಲೆಗಳ ಉಗ್ರಾಣದಲ್ಲಿದ್ದೇನೆ. ನೆಮ್ಮದಿಯಿಂದ ಇರಬಹುದಿತ್ತು. ಆದರೆ ನನ್ನ ಕೆಳಗೆ, ದಾಕ್ಷಾಯಣಿ ಫೈಲುಗಳನ್ನು ಓದಲು ಕೂರುವ ಮುಂಚೆಯೇ ಮುಚ್ಚಿಹೋದ, ಇನ್ನೊಂದು ಮಗುವಿನ ದಪ್ಪ ಫೈಲಿದೆ. ಅದರ ರಟ್ಟಿನ ಮೇಲೂ ಸಾಧಾರಣ ಮೂರ್ಛೆಯ ಕೋಡೇ ಇದೆ. ಅದರ ಕೊನೆಯ ಹಾಳೆಯಲ್ಲಿ ಏನಿದೆ ಎಂದು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.