ಕೈ ಮುಗಿಯುವ ಮಗು

ನನ್ನ ಮಗ ಅಪ್ಪು ಊರಿಗೆಲ್ಲ ಹೆಸರಾದದ್ದು ಕೈ ಮುಗಿಯುವುದರಿಂದ. ವರ್ಷ ತುಂಬುತ್ತಾ ಬಂದರೂ ಕತ್ತು ನಿಲ್ಲದ, ಮಗ್ಗುಲು ಮಗುಚದ ಕೂಸಿಗೆ ಅಂಥ ಹೆಸರು.

ನಿದ್ದೆಯಿಂದ ಎದ್ದ ಕೂಡಲೇ ಅವನ ತಲೆ ದಡಕ್ಕನೆ ಮುಂದಕ್ಕೆ ಬಾಗುತ್ತಿತ್ತು. ಎರಡೂ ಕೈ ಮೇಲೆದ್ದು ಎದೆಯ ಮುಂದೆ ಕೂಡುತ್ತಿದ್ದವು. ಬಿಡುತ್ತಿದ್ದವು, ಮತ್ತೆ ಕೂಡುತ್ತಿದ್ದವು. ಹೀಗೆ ಸಾಲಾಗಿ ಹಲವು ಸಲ ಆದ ಮೇಲೆ ಅವನು ಕಿರುಚಿ ಅಳುತ್ತಿದ್ದ. ನಮ್ಮತ್ತೆ ಚಿಕ್ಕಬೋರಮ್ಮ ಇದನ್ನು ಮೊದಲು ನೋಡಿದ್ದು ದೇವರ ಗೂಡಿನ ಮುಂದೆ. ಅಷ್ಟೇ ಸಾಕಾಯಿತು.

"ನನ್ ಮೊಮ್ಮಗ ಉಟ್ತಾನೇ ಬಕ್ತ ಕಣಮ್ಮಿ, ಕೈ ಮುಗೀತಾವ್ನೆ ನೋಡು" ಎಂದು ಪಕ್ಕದ ಮನೆಯ ಪಟ್ಟಲಮ್ಮನನ್ನು ಕರೆದರು. ಪಟ್ಟಲಮ್ಮನ ಕಿವಿಗೆ ಬಿದ್ದ ಮೇಲೆ ನಮ್ಮೂರು ಕೊತ್ತತ್ತಿಗೆ ಬೇರೆ ಡಂಗುರ ಬೇಕೇ? ಬೆಳಗಾದರೆ ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಮಗು ಏಳುವುದನ್ನೇ ಕಾಯುತ್ತಿದ್ದರು. ಕೆಲವರಂತೂ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ನನಗೆ ಮಾತ್ರ ಇದು ಸರಿಕಾಣಲಿಲ್ಲ. ಮೊದಲೆಲ್ಲ ನನ್ನನ್ನು ಕಂಡರೆ ನಗುತ್ತಿದ್ದ ಮಗು ಈ ಕೈ ಮುಗಿಯುವುದು ಶುರುವಾದ ಮೇಲೆ ನಗುವುದನ್ನೇ ಬಿಟ್ಟಿತ್ತು. ಗಿಲಕಿ ಆಡಿಸಿದರೆ ಕಣ್ಣು ಇನ್ನೆಲ್ಲೋ. ಗಂಡ ಶಿವರಾಜುವಿಗೆ ಹೇಳಿದೆ. ಅವರು ಕಬ್ಬಿನ ಲಾರಿ ಓಡಿಸುವವರು; ಕಬ್ಬು ಅರೆಯುವ ಕಾಲದಲ್ಲಿ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾರೆ. ನಮ್ಮ ವಂಶದಲ್ಲಿ ಗಂಡುಮಕ್ಕಳಿಗೆ ಎಲ್ಲವೂ ತಡ ಎಂದು ಹೇಳಿ ಮಗ್ಗುಲು ಬದಲಿಸಿದರು.

ಅತ್ತೆ ಗದ್ದೆಗೆ ಹೋಗಿದ್ದ ಒಂದು ಬೆಳಿಗ್ಗೆ ಅವನು ಕೈ ಮುಗಿಯುವುದನ್ನು ಫೋನಿನಲ್ಲಿ ವಿಡಿಯೊ ತೆಗೆದು, ಮಗುವನ್ನು ಎತ್ತಿಕೊಂಡು ಮಂಡ್ಯದ ಬಸ್ಸು ಹತ್ತಿದೆ. ಮಕ್ಕಳ ಡಾಕ್ಟರು ವಿಡಿಯೊ ನೋಡುತ್ತಿದ್ದ ಹಾಗೇ ಅವರ ಮುಖ ಬದಲಾಯಿತು. ತಲೆ ತುಂಬ ವೈರು ಅಂಟಿಸಿ ಪರೀಕ್ಷೆ ಮಾಡಿಸಿದರು. ಇದು ಫಿಟ್ಸ್, ಹಸುಗೂಸುಗಳಿಗೆ ಹೀಗೂ ಬರುತ್ತದೆ, ಬಂದಷ್ಟೂ ಮೆದುಳಿನ ಬೆಳವಣಿಗೆಗೆ ಪೆಟ್ಟು ಎಂದರು. ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು, ಒಂದು ಹೊತ್ತೂ ತಪ್ಪಿಸಬಾರದು. ಫಿಟ್ಸ್ ನಿಂತರೆ ಎಲ್ಲ ಮಕ್ಕಳ ಹಾಗೆ ಆಗುತ್ತಾನಾ ಎಂದು ಕೇಳಿದೆ. ಅದನ್ನು ಈಗಲೇ ಹೇಳಲಾಗದು, ಮೊದಲು ನಿಲ್ಲಲಿ ಎಂದರು. ಆಮೇಲೆ, ಜೊತೆಗೆ ಯಾರೂ ಬಂದಿಲ್ಲವೇ ಎಂದು ಕೇಳಿದರು. ಅಲ್ಲಿಯವರೆಗೆ ತಡೆದಿದ್ದ ಅಳು ಆ ಮಾತಿಗೆ ಬಂತು.

ಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು. ದೇವರು ಕೊಟ್ಟ ಭಾಗ್ಯಕ್ಕೆ ಯಾರಾದರೂ ಮದ್ದು ಹಾಕುತ್ತಾರಾ ಎಂದು ಅತ್ತೆ ಹಣೆ ಬಡಿದುಕೊಂಡರು. ಕೆಟ್ಟವರಲ್ಲ ಅವರು, ಮಗುವಿನ ಹೇಲು ಉಚ್ಚೆ ನನಗಿಂತ ಹೆಚ್ಚಾಗಿ ಬಾಚಿದವರು. ಆದರೆ ಅವರ ಮೊಮ್ಮಗ ಭಕ್ತ, ನನ್ನ ಮಗ ರೋಗಿ. ಒಂದೇ ತೊಟ್ಟಿಲಲ್ಲಿ ಎರಡು ಮಕ್ಕಳು ಮಲಗಿದ್ದ ಹಾಗಿತ್ತು.

ನಾನು ಹಟ ಬಿಡದೆ ಕುಡಿಸಿದೆ. ಬರಬರುತ್ತಾ ಬಾಗುವುದು ಕಡಿಮೆಯಾಗಿ, ಒಂದು ವಾರ ಪೂರ್ತಿ ಬರಲೇ ಇಲ್ಲ. ಜಗಲಿ ಖಾಲಿಯಾಯಿತು. ದೇವರು ಮುನಿದಿದ್ದಾನೆ ಎಂದು ಅತ್ತೆ ಊಟ ಬಿಟ್ಟರು. ಮುತ್ತತ್ತಿ ಆಂಜನೇಯನ ಮುಂದೆಯೇ ಮಗುವಿನಿಂದ ಕೈ ಮುಗಿಸುತ್ತೇನೆ ಎಂದು ಹರಕೆ ಹೊತ್ತರು.

ಶನಿವಾರ ಟೆಂಪೊ ತುಂಬ ನೆಂಟರು. ಮಳವಳ್ಳಿ ದಾಟುವಾಗ ಅಪ್ಪು ಅತ್ತೆಯ ಮಡಿಲಲ್ಲಿ ನಿದ್ದೆ ಹೋದ. ಏಳುವ ಹೊತ್ತಿಗೇ ಅದು ಬರುವುದೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಗುಡಿಯಲ್ಲಿ ಅವನು ಏಳದ ಹಾಗೆ ತಟ್ಟುತ್ತಾ ನಿಂತಿದ್ದ ಅತ್ತೆ, ಮಂಗಳಾರತಿಯ ಹೊತ್ತಿಗೆ ಕೆನ್ನೆ ಸವರಿ ಎಬ್ಬಿಸಿದರು. ನೆಂಟರೆಲ್ಲ ಅವನ ಕೈಗಳನ್ನೇ ನೋಡುತ್ತಿದ್ದರು. ಆಂಜನೇಯಾ, ಇವನು ನಿನಗೆ ಕೈ ಮುಗಿಯದೇ ಇರಲಿ ಎಂದು ನಾನು ಬೇಡಿಕೊಂಡೆ. ಅಂಥ ಬೇಡಿಕೆ ಆ ದೇವರ ಕಿವಿಗೆ ಎಂದೂ ಬಿದ್ದಿರಲಿಕ್ಕಿಲ್ಲ.

ಅಪ್ಪು ಕಣ್ಣು ಬಿಟ್ಟ. ತಲೆ ಅತ್ತೆಯ ತೋಳಿಗೆ ಒರಗಿಯೇ ಇತ್ತು. ಗಂಟೆಯ ಸದ್ದು ನಿಂತಿತು, ಆರತಿ ತಟ್ಟೆ ಎಲ್ಲರ ಮುಂದೆ ಹಾದುಹೋಯಿತು, ಕೈಗಳು ಜೋತುಬಿದ್ದೇ ಇದ್ದವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಹಂಚಿಕೊಳ್ಳೋಣವೆಂದು ಗಂಡನ ಕಡೆ ನೋಡಿದೆ. ಅವರು ನೆಂಟರ ಮುಖ ನೋಡಲಾರದೆ ತಲೆ ತಗ್ಗಿಸಿದ್ದರು.

"ಒಂದ್ಸಲ ಮುಗಿಯೋ ನನ್ನಪ್ಪ" ಎನ್ನುತ್ತಾ ಅತ್ತೆ ಅವನ ಎರಡೂ ಕೈ ಹಿಡಿದು ತಾವೇ ಜೋಡಿಸಿದರು. ಅವರ ಕಣ್ಣಲ್ಲಿ ನೀರಿತ್ತು.

ನಾನು ಮುಂದೆ ಹೋಗಿ, ಎಲ್ಲರೂ ನೋಡುತ್ತಿರುವಾಗಲೇ, ಆ ಕೈಗಳನ್ನು ಬಿಡಿಸಿ, ಮಗುವನ್ನು ಎತ್ತಿಕೊಂಡೆ.

"ಸುಮ್ಕಿರೋದ್ನ ಈಗ ಕಲ್ತವ್ನೆ ಕಣತ್ತೆ. ಅವ್ನು ಕಲ್ತಿರೋದು ಇದೊಂದೇ. ಬುಡಿ."

ಪೂಜಾರಿ ತೀರ್ಥ ಕೊಡುವುದನ್ನು ಮರೆತು ನಿಂತರು. ಆಮೇಲೆ ಎಲ್ಲರೂ ಊಟದ ಪಾತ್ರೆಗಳನ್ನು ಎತ್ತಿಕೊಂಡು ಹೊಳೆ ದಂಡೆಗೆ ಇಳಿದರು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಗುಡಿಯ ಮೆಟ್ಟಿಲ ಮೇಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ. ಕೆಳಗೆ ಎಲೆ ಹಾಸುವುದು, ಬಡಿಸುವುದು ಎಲ್ಲ ಕಾಣುತ್ತಿತ್ತು.

"ಗೆದ್ಬುಟ್ವಿ ಕಣ್ಲಾ ಅಪ್ಪು" ಎಂದೆ. ಬೇರೆ ಯಾರಿಗೆ ಹೇಳಲಿ? ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದೆ. ಅವನು ನನ್ನ ಕಡೆ ತಿರುಗಲಿಲ್ಲ.