ಅನಂತರಾಜು ಮೇಷ್ಟ್ರ ಆರು ಅಂಕಿ

ಗುಬ್ಬಿಯ ಅನಂತರಾಜು ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಊರೂರು ಸುತ್ತಿ ಮಹಿಳಾ ಸಂಘಗಳಿಗೆ ಮೊಬೈಲ್ ಸುರಕ್ಷತೆಯ ಪಾಠ ಹೇಳುತ್ತಿದ್ದರು. ಕರೆಯದಿದ್ದರೂ ಹೋಗುತ್ತಿದ್ದರು ಅನ್ನುವುದು ಬೇರೆ ಮಾತು. "ಫೋನು ತೆಗೆಯೋಕೆ ಬೆರಳು ಕೈಕೊಟ್ಟರೆ ಪಿನ್ ನಂಬರ್ ಇರಬೇಕು. ಅದು ತಲೆಯಲ್ಲಿರಬೇಕು, ಎಲ್ಲೂ ಬರೆದಿಡಬಾರದು" ಎಂಬುದು ಅವರ ಭಾಷಣದ ಪಲ್ಲವಿ. ಅಂಥವರು ಸೋಮವಾರ ಬೆಳಿಗ್ಗೆ ತಮ್ಮದೇ ಫೋನಿನ ಮುಂದೆ ಪರದೇಶಿಯ ಹಾಗೆ ಕೂತಿದ್ದರು.

ತಪ್ಪೆಲ್ಲ ಹುಣಸೆಹಣ್ಣಿನದು ಎಂದು ಅವರ ವಾದ. ಶನಿವಾರ, ಭಾನುವಾರ ಕಡಬದ ತಮ್ಮನ ಮನೆಯಲ್ಲಿ ರಾಶಿ ಹಾಕಿಕೊಂಡು ಬೀಜ ಬಿಡಿಸಿದ್ದರು. ಹೆಂಗಸರೆಲ್ಲ ಕೈಗೆ ಹರಳೆಣ್ಣೆ ಸವರಿಕೊಂಡು ಕೂತರೆ, ಇವರು "ನನಗೆ ಅವೆಲ್ಲ ಬೇಡ" ಎಂದು ಒಣಗೈಯಲ್ಲೇ ಶೌರ್ಯ ತೋರಿಸಿದ್ದರು. ಹುಳಿ ಬೆರಳ ತುದಿಯ ಗೆರೆಗಳನ್ನು ತಿಂದುಹಾಕಿತ್ತು. ಈಗ ಒರೆಸಿ ಒತ್ತಿದರು, ಊದಿ ಒತ್ತಿದರು, ಸುತ್ತಮುತ್ತ ನೋಡಿ ಎಂಜಲು ಹಚ್ಚಿಯೂ ಒತ್ತಿದರು. ಫೋನು ಗುರುತೇ ಇಲ್ಲದಂತೆ ಪಿನ್ ಕೇಳಿತು.

ಪಿನ್ ತಲೆಯಲ್ಲಿರಲಿಲ್ಲ. ಶುಕ್ರವಾರ ಸಿ.ಎಸ್. ಪುರದ ಸಂಘದಲ್ಲಿ ಪಿನ್ ಬದಲಾಯಿಸುವುದನ್ನು ತೋರಿಸಲು ತಮ್ಮ ಫೋನನ್ನೇ ಎತ್ತಿ ಹಿಡಿದು, ಬಾಯಿಗೆ ಬಂದ ಆರು ಅಂಕಿ ಒತ್ತಿದ್ದರು. ಆಮೇಲೆ ಬೆರಳಲ್ಲೇ ತೆಗೆಯುತ್ತಿದ್ದುದರಿಂದ ಆ ಅಂಕಿ ಮತ್ತೆ ಬೇಕಾಗಲಿಲ್ಲ. ಈಗ ಹಳೆಯ ಪಿನ್ನು, ಮದುವೆಯ ತಾರೀಖು, ನಿವೃತ್ತಿಯ ತಾರೀಖು ಎಂದು ಏಳು ಸಲ ಒತ್ತಿ ಏಳೂ ತಪ್ಪಾಗಿದ್ದವು. ಹತ್ತು ಸಲ ತಪ್ಪಿದರೆ ಒಳಗಿರುವುದೆಲ್ಲ ಅಳಿಸಿಹೋಗುವಂತೆ ಮಾಡಿಟ್ಟವರೂ ಅವರೇ. ಕಳ್ಳನಿಗೆ ಏನೂ ಸಿಗಬಾರದಲ್ಲ!

ಆದರೆ ಒಳಗೆ ಅವ್ವ ಇದ್ದಳು. ಹೋದ ವರ್ಷ ತೀರಿಕೊಂಡ ಚಿಕ್ಕಗಂಗಮ್ಮ, ಎಪ್ಪತ್ತೆಂಟನೇ ವಯಸ್ಸಿನಲ್ಲಿ ವಾಯ್ಸ್ ಮೆಸೇಜ್ ಕಲಿತು ಮಗನಿಗೆ ಕಳಿಸಿದ ಹನ್ನೊಂದು ಮಾತು. ಪಾಠ, ಭಾಷಣದ ಗಡಿಬಿಡಿಯಲ್ಲಿ ಮೇಷ್ಟ್ರು ಕೆಲವನ್ನು ಪೂರ್ತಿ ಕೇಳಿಯೂ ಇರಲಿಲ್ಲ. ಅವ್ವನ ಫೋನನ್ನು ಎಲ್ಲ ಅಳಿಸಿ ಯಾರಿಗೋ ಕೊಟ್ಟಾಗಿತ್ತು. ಊರಿಗೆಲ್ಲ ಬ್ಯಾಕಪ್ ಮಾಡಿ ಅಂತ ಸಾರಿದವರು ತಮ್ಮದನ್ನು ನಾಳೆ ಮಾಡಿದರಾಯಿತು ಎಂದು ಬಿಟ್ಟಿದ್ದರು. ಅವರಿಗೆ ತಮ್ಮ ಮೇಲೇ ಅಸಹ್ಯ ಹುಟ್ಟಿತು.

ತುಮಕೂರಿಗೆ ಓಡಿ ಮೊಬೈಲ್ ರಿಪೇರಿಯ ಕಾಂತೇಶನ ಮುಂದೆ ಫೋನಿಟ್ಟರು.

"ರೀಸೆಟ್ ಮಾಡ್ಬೋದು ಸಾರ್, ಆದ್ರೆ ಒಳಗಿರೋದೆಲ್ಲ ಹೋಗುತ್ತೆ. ನಂಬರ್ ಎಲ್ಲಾದ್ರೂ ಬರ್ದಿಟ್ಟಿದೀರಾ ನೋಡಿ."

"ಬರೆದಿಡಬಾರದು ಕಣಪ್ಪ."

"ಹಂಗಂತ ಯಾರ್ ಸಾರ್ ಹೇಳಿದ್ದು?"

ಮೇಷ್ಟ್ರು ಫೋನನ್ನು ಜೇಬಿಗಿಳಿಸಿ ಮನೆಗೆ ಬಂದರು.

ಹೆಂಡತಿ ಸುಧಾ ಎಲ್ಲ ಕೇಳಿ, "ಆ ನಂಬರ್‌ನ ಯಾರ್ ಮುಂದೆ ಒತ್ತಿದ್ರಿ?" ಅಂದರು.

"ಸಂಘದ ಮೂವತ್ತು ಹೆಂಗಸ್ರ ಮುಂದೆ."

"ಮತ್ತಿನ್ನೇನು, ಹೋಗಿ ಅವ್ರನ್ನೇ ಕೇಳಿ."

"ನನ್ನ ಪಿನ್ ಏನಮ್ಮ ಅಂತ ನಾನೇ ಕೇಳೋದಾ? ಮಾನ ಉಳಿಯುತ್ತೇನೇ?"

"ಅತ್ತೆ ದನಿಗಿಂತ ನಿಮ್ ಮಾನ ದೊಡ್ಡದಾದ್ರೆ ಕೂತ್ಕೊಳಿ ಇಲ್ಲೇ."

ಸಂಘದವರ ನಂಬರುಗಳೆಲ್ಲ ಆ ಫೋನಿನೊಳಗೇ ಇದ್ದವು. ಹಾಗಾಗಿ ಸಿ.ಎಸ್. ಪುರದ ಬಸ್ಸು ಹತ್ತಬೇಕಾಯಿತು.

ಸಂಘದ ಅಧ್ಯಕ್ಷೆ ಪುಟ್ಟಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರು ಮಳೆ, ಬೆಳೆ, ಮೊಮ್ಮಕ್ಕಳ ಓದು ಎಲ್ಲ ವಿಚಾರಿಸಿ, ಇನ್ನೇನೂ ಉಳಿಯದೆ ವಿಷಯಕ್ಕೆ ಬಂದರು. ಪುಟ್ಟಗಂಗಮ್ಮ ನಗಲಿಲ್ಲ. ತಮ್ಮ ಫೋನು ತೆಗೆದು ಒಂದೊಂದೇ ಅಂಕಿ ಹೇಳುತ್ತ ಒತ್ತಿದರು: ನಾಲ್ಕು, ಏಳು, ಒಂದು, ಒಂಬತ್ತು, ಸೊನ್ನೆ, ಎರಡು. ಫೋನು ತೆರೆದುಕೊಂಡಿತು.

"ಇದೇ ಅಲ್ವಾ ಮೇಷ್ಟ್ರೆ ನಿಮ್ದೂ?"

"ಇದು ನಿಮ್ ಫೋನಲ್ವೇನಮ್ಮ?"

"ಹೂಂ. ನಾನ್ ಮಾಡ್ದಂಗೇ ಮಾಡಿ ಅಂದ್ರಲ್ಲ. ನೀವ್ ಒತ್ತಿದ್ದನ್ನೇ ನಾವೂ ಒತ್ತಿದ್ವಿ."

"ಎಲ್ಲಾರೂವಾ?"

"ಮೂವತ್ ಜನಾನೂವೆ. ಮರ್ತೋದ್ರೆ ಇರ್ಲಿ ಅಂತ ಇಲ್ಲೂ ಬರ್ಕೊಂಡಿವ್ನಿ ನೋಡಿ." ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲಿನಲ್ಲಿ, ಹಾದುಹೋಗುವವರಿಗೆಲ್ಲ ಕಾಣುವಷ್ಟು ದೊಡ್ಡದಾಗಿ, ಮೇಷ್ಟ್ರ ಗುಟ್ಟು ನಿಂತಿತ್ತು.

"ಬರೀಬೇಡಿ ಅಂತ ಬಡ್ಕೊಂಡಿದ್ನಲ್ಲಮ್ಮ!"

"ನಿಮ್ ಮಾತ್ ಕೇಳಿದ್ರೆ ಇವತ್ ನಿಮ್ಗೇ ಕಷ್ಟ ಆಗ್ತಿತ್ತಲ್ಲ."

ಮೂವತ್ತಮೂರು ವರ್ಷ ಪಾಠ ಮಾಡಿದ್ದರಲ್ಲಿ, ಮಾಡಿ ತೋರಿಸಿದ್ದನ್ನು ಇಷ್ಟು ಚಾಚೂ ತಪ್ಪದೆ ಪಾಲಿಸಿದ ತರಗತಿ ಅವರಿಗೆ ಸಿಕ್ಕಿರಲಿಲ್ಲ. "ಬರೋ ಶುಕ್ರವಾರ ಎಲ್ಲರೂ ನಂಬರ್ ಬದಲಾಯಿಸಬೇಕು," ಎಂದು ಗಂಭೀರವಾಗಿ ಹೇಳಿದರು.

"ಆಗ್ಲಿ ಬುಡಿ. ಯಾವ್ ನಂಬರ್ ಒತ್ಬೇಕು ಅಂತ ಅವತ್ತೇ ಹೇಳ್ತೀರಾ?"

ಮೇಷ್ಟ್ರು ಎಂಟನೇ ಸಲ ಒತ್ತಿದರು. ಫೋನು ತೆರೆಯಿತು. ಬಸ್ಸಿನವರೆಗೂ ತಡೆಯಲಾಗದೆ, ಅಲ್ಲೇ ಜಗಲಿಯ ಮೇಲೆ ಕೂತು ಅವ್ವನ ಮೆಸೇಜುಗಳನ್ನು ಹುಡುಕಿದರು. ಹನ್ನೊಂದೂ ಇದ್ದವು. ಕೊನೆಯದನ್ನು, ಹಿಂದೆ ಅರ್ಧಕ್ಕೇ ನಿಲ್ಲಿಸಿದ್ದನ್ನು, ಕಿವಿಗಿಟ್ಟುಕೊಂಡರು.

"ಅನಂತಾ, ಕೇಳ್ತದೇನ್ಲಾ? ಕಡಬಕ್ಕೆ ಹುಣ್ಸೆಹಣ್ ಬಿಡ್ಸಕ್ ಹೋದ್ರೆ ಕೈಗೆ ಹಳ್ಳೆಣ್ಣೆ ಹಚ್ಕಳ್ಲಾ. ಒಣಗೈಲಿ ಕೂತ್ಕಬ್ಯಾಡ, ಬೆರಳೆಲ್ಲ ಸವ್ದೋಯ್ತವೆ. ಹೇಳಿದ್ ಮಾತ್ ಯಾವತ್ ಕೇಳಿದೀಯ ನೀನು. ಹೋಯ್ತೇನ್ಲಾ ಇದು? ಬಂತೇನ್ಲಾ ನಿಂಗೆ?"

ಮೇಷ್ಟ್ರು ಸಿಪ್ಪೆ ಎದ್ದ ತಮ್ಮ ಬೆರಳುಗಳನ್ನು ನೋಡಿಕೊಂಡರು. ನಗು ಬಂತು, ಅದರ ಹಿಂದೆಯೇ ಅಳು ಬಂತು.

"ಬಂತು ಕಣವ್ವ," ಅಂದರು.

ಪುಟ್ಟಗಂಗಮ್ಮ ಆ ಬೆರಳುಗಳನ್ನು ನೋಡಿ ಒಳಗೆ ಹೋಗಿ, ಹರಳೆಣ್ಣೆಯ ಬಟ್ಟಲು ತಂದು ಅವರ ಪಕ್ಕದಲ್ಲಿಟ್ಟರು.